ಕಮಾರೋ ಝೀ-28 ತಗೊಳ್ಳೋದಾ, ಬಾಸ್ 302 ತಗೊಳ್ಳೋದಾ? ಎರಡನ್ನೂ ತೂಗಿ ನೋಡುವ ಬಗೆ

1969ರ ಎರಡು ಕಾರುಗಳು. ಒಂದು ಶೆವ್ರೊಲೆ ಕಮಾರೋ ಝೀ-28, ಇನ್ನೊಂದು ಫೋರ್ಡ್ ಮಸ್ಟಾಂಗ್ ಬಾಸ್ 302. ಎರಡರ ಎಂಜಿನ್ನೂ 302 ಕ್ಯೂಬಿಕ್ ಇಂಚು. ಎರಡಕ್ಕೂ ಕಂಪನಿ ಬರೆದದ್ದು 290 ಹಾರ್ಸ್‌ಪವರ್, ಅದೂ ಒಂದೇ 5800 ಆರ್‌ಪಿಎಂನಲ್ಲಿ. ಟಾರ್ಕ್ ಎರಡಕ್ಕೂ 290 ಪೌಂಡ್-ಅಡಿ. ಎರಡಕ್ಕೂ ನಾಲ್ಕು ಗೇರಿನ ಮ್ಯಾನುಯಲ್, ಎರಡಕ್ಕೂ ಹೋಲಿ ಕಂಪನಿಯ 780 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬಿಡುವ) ಕಾರ್ಬುರೇಟರ್. ಎರಡರಲ್ಲೂ ಎಸಿ ಸಿಗುತ್ತಿರಲಿಲ್ಲ, ಆಟೋಮ್ಯಾಟಿಕ್ ಗೇರೂ ಸಿಗುತ್ತಿರಲಿಲ್ಲ.

ಅಂದ ಮೇಲೆ ಹೋಲಿಸೋದು ಹೇಗೆ? ಬ್ರೋಷರ್ ಹಿಡಿದು ಕೂತರೆ ಆಗದ ಮಾತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಓಡಿಸುವ ಸುಖದಲ್ಲಿ ಇವೆರಡರ ನಡುವೆ ಇರುವ ಅಂತರ ಕಡಿಮೆ. ಆದರೆ "ಇದು ಅಸಲಿ ಕಾರು" ಅಂತ ಸಾಬೀತು ಮಾಡುವುದರಲ್ಲಿ ಇರುವ ಅಂತರ ಬಹಳ ಜಾಸ್ತಿ. ದುಡ್ಡು ನಿಲ್ಲೋದು ಅಲ್ಲೇ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಕೆಲವರು ಈಗ ಇಂಥ ಕಾರಿನ ಕಡೆ ಕಣ್ಣು ಹಾಕುತ್ತಿದ್ದಾರೆ. ಮಿಶಿಗನ್ ಕಡೆ ಇರುವವರು ಆಗಸ್ಟಿನಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ಅನ್ನೋ ಹಳೇ ಕಾರುಗಳ ಮೆರವಣಿಗೆ ನೋಡಿ ಬಂದ ವಾರ ಶುರುವಾಗುವ ಹುಚ್ಚು ಇದು. ಅಂಥವರಿಗಾಗಿ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

290 ಅನ್ನೋ ಅಂಕಿಯನ್ನು ಮೊದಲು ಪಕ್ಕಕ್ಕಿಡಿ

ಎರಡೂ ಕಾರು ಹುಟ್ಟಿದ್ದು ಒಂದೇ ಕಾರಣಕ್ಕೆ, ಟ್ರಾನ್ಸ್-ಆಮ್ ಅನ್ನೋ ಅಮೆರಿಕದ ಕಾರ್ ರೇಸು ಸರಣಿ. ಆ ರೇಸಿನಲ್ಲಿ ಎಂಜಿನ್ 5 ಲೀಟರ್ ಮೀರುವಂತಿರಲಿಲ್ಲ, ಅಂದರೆ 305 ಕ್ಯೂಬಿಕ್ ಇಂಚು. ಶೆವ್ರೊಲೆಯ ವಿನ್ಸೆಂಟ್ ಪಿಗಿನ್ಸ್ ತಂಡದವರು ತಮ್ಮ 327 ಕ್ಯೂಬಿಕ್ ಇಂಚಿನ ಎಂಜಿನ್ ಬ್ಲಾಕಿನೊಳಗೆ 283 ಎಂಜಿನ್ನಿನ ಕ್ರ್ಯಾಂಕಿನ ಅಳತೆ ಕೂರಿಸಿದರು. 4 ಇಂಚು ಬೋರು (ಸಿಲಿಂಡರಿನ ಅಗಲ), 3 ಇಂಚು ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ), 302 ಸಿಕ್ಕಿತು. ಫೋರ್ಡ್‌ನವರ ಹತ್ತಿರ 302 ಬ್ಲಾಕ್ ಇದ್ದೇ ಇತ್ತು. ಅದನ್ನು ಗಟ್ಟಿ ಮಾಡಿ, ಮೇಲೆ ಕ್ಲೀವ್‌ಲ್ಯಾಂಡ್ ಎಂಜಿನ್ನಿನ ದೊಡ್ಡ ಹೆಡ್ಡುಗಳನ್ನು ತಂದು ಕೂರಿಸಿದರು. ಆ ಹೆಡ್ಡಿನ ಪೋರ್ಟುಗಳು ಎಷ್ಟು ದೊಡ್ಡವೆಂದರೆ 1969ರ ಕಾರಿನ ಇನ್‌ಟೇಕ್ ವಾಲ್ವ್ 2.23 ಇಂಚು. ಮರು ವರ್ಷ ಫೋರ್ಡ್‌ನವರೇ ಅದನ್ನು 2.19ಕ್ಕೆ ಇಳಿಸಿದರು.

290 ಹಾರ್ಸ್‌ಪವರ್ ಅನ್ನೋದನ್ನು ಆಗಲೂ ಯಾರೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಅದಕ್ಕಿಂತ ಜಾಸ್ತಿಯೇ ಇದೆ. ಅಷ್ಟೇ ಅಲ್ಲ, ಅದು ಆ ಕಾಲದ ಗ್ರಾಸ್ ಲೆಕ್ಕ. ಎಂಜಿನ್ನನ್ನು ಸ್ಟ್ಯಾಂಡಿನ ಮೇಲಿಟ್ಟು, ಸೈಲೆನ್ಸರ್, ಫ್ಯಾನು ಇತ್ಯಾದಿ ತಲೆನೋವಿಲ್ಲದೆ ಅಳೆದದ್ದು. ಇವತ್ತಿನ ಕಾರಿನ ಅಂಕಿ ಪಕ್ಕಕ್ಕೆ ಇಟ್ಟು ನೋಡಿದರೆ ಅರ್ಥವೇ ಇಲ್ಲ. ಆ ಕಾಲದ ಮ್ಯಾಗಜೀನುಗಳ ಪರೀಕ್ಷೆಯಲ್ಲಿ ಎರಡೂ ಕಾಲು ಮೈಲಿಯನ್ನು ಸುಮಾರು 15 ಸೆಕೆಂಡಿನಲ್ಲಿ, ಕೆಲವು ಸಲ ಅದಕ್ಕಿಂತ ಸ್ವಲ್ಪ ಕಡಿಮೆಯಲ್ಲಿ ಮುಗಿಸಿದವು. ಕೆಲ ವರ್ಷದ ಹಿಂದಿನ ವಿ6 ಕ್ಯಾಮ್ರಿ ಇವೆರಡನ್ನೂ ಸಿಗ್ನಲ್‌ನಲ್ಲಿ ಹಿಂದೆ ಹಾಕುತ್ತದೆ. ಬೇಜಾರಾಗಬೇಡಿ, ಸಿಗ್ನಲ್‌ನಿಂದ ಸಿಗ್ನಲ್‌ಗೆ ಹಾರೋದು ಈ ಕಾರುಗಳ ಕೆಲಸವೇ ಅಲ್ಲ.

ಓಡಿಸಿ ನೋಡುವಾಗ

ಮೊದಲು ಹಿಂದಿನ ಆಕ್ಸಲ್‌ನ ರೇಷಿಯೋ ಕೇಳಿ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋದು. ಝೀ-28ಕ್ಕೆ ಸಾಮಾನ್ಯವಾಗಿ ಬರುತ್ತಿದ್ದದ್ದು 3.73, ಬಾಸ್‌ಗೆ 3.50. ಐವತ್ತು ವರ್ಷದಲ್ಲಿ ಯಾರಾದರೂ 4.10 ಅಥವಾ 4.30 ಹಾಕಿರುವ ಸಾಧ್ಯತೆ ಬೇಕಾದಷ್ಟಿದೆ. ಒಂದು ಕಾರಲ್ಲಿ 3.50, ಇನ್ನೊಂದರಲ್ಲಿ 4.30 ಇದ್ದರೆ ಎರಡನೆಯದರ ಪಿಕಪ್ ಭರ್ಜರಿ ಅನಿಸುತ್ತದೆ, ಆದರೆ ಅದು ಎಂಜಿನ್ನಿನ ಗುಣವಲ್ಲ. ಟೈರು ಕೂಡ ಹಾಗೆಯೇ. ಒಂದರಲ್ಲಿ ಹೊಸ ರೇಡಿಯಲ್, ಇನ್ನೊಂದರಲ್ಲಿ ಹಳೇ ಮಾದರಿಯ ಬಯಾಸ್ ಟೈರ್ ಇದ್ದರೆ ನೀವು ಹೋಲಿಸುತ್ತಿರೋದು ಟೈರನ್ನೇ ಹೊರತು ಕಾರನ್ನಲ್ಲ.

ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿದ್ದರೆ, ಮಾಲೀಕರಿಗೆ ನಮಸ್ಕಾರ ಹೇಳಿ ಇನ್ನೊಂದು ದಿನ ಬರುತ್ತೇನೆ ಅನ್ನಿ. ಎರಡೂ ಎಂಜಿನ್ನಿನಲ್ಲಿ ಸಾಲಿಡ್ ಲಿಫ್ಟರ್ (ವಾಲ್ವ್ ಎತ್ತುವ ಗಟ್ಟಿ ಲೋಹದ ಭಾಗ) ಇರೋದರಿಂದ ಟ್ಯಾಪೆಟ್ ಶಬ್ದ ಬಂದೇ ಬರುತ್ತದೆ. ಹೊಲಿಗೆ ಮೆಷಿನ್ನಿನಂಥ ಸಮನಾದ ಟಕಟಕ ಶಬ್ದ ಆರೋಗ್ಯದ ಲಕ್ಷಣ. ಒಂದೇ ಕಡೆಯಿಂದ ಜೋರಾಗಿ, ತಾಳ ತಪ್ಪಿ ಬರುತ್ತಿದ್ದರೆ ಕ್ಯಾಮ್‌ಶಾಫ್ಟ್ ಸವೆದಿರಬಹುದು. ಈ ಫ್ಲಾಟ್ ಟ್ಯಾಪೆಟ್ ಕ್ಯಾಮ್‌ಗಳಿಗೆ ಜಿಂಕ್ ಜಾಸ್ತಿ ಇರುವ ಆಯಿಲ್ ಬೇಕು, ಈಗಿನ ಸಾಮಾನ್ಯ ಆಯಿಲ್ ಸಾಲದು. ಯಾವ ಆಯಿಲ್ ಹಾಕುತ್ತೀರಿ ಅಂತ ಸುಮ್ನೆ ಮಾತಿನ ನಡುವೆ ಕೇಳಿ ನೋಡಿ. ಉತ್ತರದಲ್ಲೇ ಕಾರನ್ನು ಹೇಗೆ ಇಟ್ಟುಕೊಂಡಿದ್ದಾರೆ ಅನ್ನೋದು ಗೊತ್ತಾಗುತ್ತದೆ.

ಟ್ಯಾಪೆಟ್ ಗ್ಯಾಪ್ ಕೊನೆಯ ಸಲ ಯಾವಾಗ ನೋಡಿದಿರಿ ಅಂತಲೂ ಕೇಳಿ. ಝೀ-28ರ ಮೂಲ ಕ್ಯಾಮ್‌ಗೆ ಇನ್‌ಟೇಕ್, ಎಕ್ಸಾಸ್ಟ್ ಎರಡಕ್ಕೂ 0.030 ಇಂಚು ಗ್ಯಾಪ್ ಇಡಬೇಕು. ಅದಕ್ಕೇ ಅದನ್ನು 30-30 ಕ್ಯಾಮ್ ಅನ್ನೋದು. "ಅದನ್ನೆಲ್ಲ ಮುಟ್ಟಿಲ್ಲ, ಚೆನ್ನಾಗೇ ಓಡ್ತಿದೆ" ಅಂದರೆ ಒಂದೋ ಒಳಗೆ ಗ್ಯಾಪ್ ಸರಿಮಾಡುವ ಕೆಲಸವೇ ಇಲ್ಲದ ಹೈಡ್ರಾಲಿಕ್ ಕ್ಯಾಮ್ ಹಾಕಿಸಿದ್ದಾರೆ, ಇಲ್ಲವೇ ಸರ್ವಿಸ್ ಮಾಡಿಸಿಲ್ಲ.

ರಸ್ತೆಗೆ ಇಳಿದ ಮೇಲೆ ಎರಡನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ನಿಧಾನವಾಗಿ ತುಳಿಯುತ್ತಾ ಹೋಗಿ. ಇಲ್ಲಿ ಎರಡರ ಸ್ವಭಾವ ಬೇರೆಯಾಗುತ್ತದೆ. ಎರಡೂ ಕೆಳಗಿನ ಆರ್‌ಪಿಎಂನಲ್ಲಿ ಸೋಮಾರಿಗಳೇ, 4000 ದಾಟಿದ ಮೇಲೆ ಎದ್ದು ಕೂರುವಂಥವು. ಆದರೆ ಬಾಸ್‌ನ ಆ ದೊಡ್ಡ ಪೋರ್ಟುಗಳಲ್ಲಿ ಗಾಳಿ ನಿಧಾನವಾಗಿ ಹರಿಯೋದರಿಂದ ಕೆಳಗಡೆ ಅದು ಇನ್ನಷ್ಟು ಮಂಕು, ಊರೊಳಗೆ ಟ್ರಾಫಿಕ್‌ನಲ್ಲಿ ಕ್ಲಚ್ ತುಳಿದು ತುಳಿದು ಕಾಲು ನೋವು ಬರುತ್ತದೆ. ಝೀ-28 ಸ್ವಲ್ಪ ಬೇಗ ಮಾತು ಕೇಳುತ್ತದೆ. ಮೇಲಕ್ಕೆ ಹೋದ ಮೇಲೆ ಬಾಸ್ ಉಸಿರಾಡೋದೇ ಬೇರೆ. ಅಲ್ಲಿ ಅದರದ್ದೇ ಮೇಲುಗೈ ಅಂತ ನನಗನಿಸುತ್ತದೆ. ಫೋರ್ಡ್‌ನವರು ಬಾಸ್‌ಗೆ ಎಂಜಿನ್ ಅತಿಯಾಗಿ ಸುತ್ತದಂತೆ ತಡೆಯುವ ರೆವ್ ಲಿಮಿಟರ್ ಹಾಕಿ ಕಳಿಸುತ್ತಿದ್ದರು. ಬಹಳ ಜನ ಮೊದಲ ವಾರವೇ ಅದನ್ನು ಕಿತ್ತರು. ಕಿತ್ತಿದ್ದರೆ ಆ ಎಂಜಿನ್ ಏನೇನು ನೋಡಿದೆಯೋ ಅಂತ ಯೋಚಿಸಿ.

ತಿರುವಿನಲ್ಲಿ ಬಾಸ್ ಚುರುಕು. ಸ್ಟೀರಿಂಗ್ ಬೇಗ ತಿರುಗುತ್ತದೆ, ಮೂತಿ ಹೇಳಿದ ಕಡೆ ಹೋಗುತ್ತದೆ. ಅದರ ಅಗಲ ಟೈರು ಕೂರಲಿ ಅಂತ ಮುಂದಿನ ಮಡ್‌ಗಾರ್ಡಿನ ಕಮಾನನ್ನೇ ಕೊಂಚ ಬದಲಾಯಿಸಿದ್ದರು, ಸಸ್ಪೆನ್ಷನ್ ತಡೆಯುವ ಶಾಕ್ ಟವರಿಗೂ ಬಲ ಕೊಟ್ಟಿದ್ದರು. ಕಮಾರೋದ ಮುಂಭಾಗ ಬಾಡಿಗೆ ಜೋಡಿಸಿದ ಒಂದು ಬೇರೆ ಚೌಕಟ್ಟಿನ, ಅಂದರೆ ಸಬ್‌ಫ್ರೇಮಿನ ಮೇಲೆ ಕೂತಿರುತ್ತದೆ. ನಡುವಿನ ರಬ್ಬರ್ ಬುಶ್ ಹಳೆಯದಾಗಿದ್ದರೆ ಕಾರು ಎರಡು ತುಂಡಾಗಿ ಓಡಿದ ಹಾಗೆ ಅನಿಸುತ್ತದೆ. ಬುಶ್ ಬದಲಿಸಿದರೆ ಸರಿಹೋಗುತ್ತದೆ, ದೊಡ್ಡ ಖರ್ಚಲ್ಲ. ಅದಕ್ಕೇ ಕೆಟ್ಟ ಬುಶ್ ಇರುವ ಕಮಾರೋ ಓಡಿಸಿ "ಬಾಸೇ ವಾಸಿ" ಅಂತ ತೀರ್ಮಾನಕ್ಕೆ ಬರಬೇಡಿ.

ಬ್ರೇಕು ಎರಡಕ್ಕೂ ಮುಂದೆ ಡಿಸ್ಕ್, ಹಿಂದೆ ಡ್ರಮ್. 1969ರ ಕಮಾರೋದಲ್ಲಿ ಜೆಎಲ್8 ಅನ್ನೋ ನಾಲ್ಕೂ ಚಕ್ರದ ಡಿಸ್ಕ್ ಆಯ್ಕೆ ಇತ್ತು, ಹೋದದ್ದು ಬರೀ 206 ಕಾರಿಗೆ. ಯಾರಾದರೂ ಇದು ಜೆಎಲ್8 ಕಾರು ಅಂದರೆ ಕಿವಿ ನೆಟ್ಟಗಾಗಲಿ, ಕಾಗದ ಕೇಳಿ. ನಾಲ್ಕು ಡಿಸ್ಕ್ ಕಂಡ ಮಾತ್ರಕ್ಕೆ ಜೆಎಲ್8 ಆಗುವುದಿಲ್ಲ.

ಪೆಟ್ರೋಲಿನ ವಿಷಯ ಚಿಕ್ಕದು. ಝೀ-28ರ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲು ಎಷ್ಟು ಪಟ್ಟು ಒತ್ತುತ್ತದೆ ಅನ್ನೋದು) 11, ಬಾಸ್‌ನದ್ದು 10.5. ಆಗಿನ ಸೀಸದ ಪ್ರೀಮಿಯಂ ಪೆಟ್ರೋಲಿಗೆ ಮಾಡಿದ್ದು. ಈಗ ಬಂಕಿನ 93 ಆಕ್ಟೇನ್ ಹಾಕಿ ಟೈಮಿಂಗ್ ಸ್ವಲ್ಪ ಹಿಂದಕ್ಕೆ ಇಟ್ಟು ಓಡಿಸುತ್ತಾರೆ. ಏರಿನಲ್ಲಿ ಮೇಲಿನ ಗೇರಿನಲ್ಲಿ ತುಳಿದಾಗ ಕಟಕಟ ಅಂದರೆ ಅದು ನಾಕಿಂಗ್, ಹಾಗೇ ಓಡಿಸಿದರೆ ಪಿಸ್ಟನ್‌ಗೆ ಕುತ್ತು.

ಪಿಸ್ಟನ್ ಅಂದಾಗ ನೆನಪಾಯಿತು. ಬಾಸ್ 302ರ ಮೂಲ ಪಿಸ್ಟನ್‌ಗಳ ಸ್ಕರ್ಟ್ ಬಿರುಕು ಬಿಡೋದು ಹೆಸರಾಂತ ರೋಗ. ಎಂಜಿನ್ ಬಿಚ್ಚಿ ಪಿಸ್ಟನ್ ಬದಲಿಸಿದ ರಸೀದಿ ಇದೆಯಾ ಕೇಳಿ. "ಎಂಜಿನ್ ಒಂದು ಸಲವೂ ಬಿಚ್ಚಿಲ್ಲ, ಫ್ಯಾಕ್ಟರಿ ಹಾಗೇ ಇದೆ" ಅಂತ ಹೆಮ್ಮೆಯಿಂದ ಹೇಳಿದರೆ ನಾನಂತೂ ಖುಷಿಪಡುವುದಿಲ್ಲ, ಬೆಲೆಯಲ್ಲಿ ಒಂದು ಎಂಜಿನ್ ಕೆಲಸದ ಖರ್ಚು ಕಳೆಯುತ್ತೇನೆ. ಆ ಖರ್ಚೂ ಎರಡಕ್ಕೂ ಒಂದೇ ಅಲ್ಲ. ಶೆವ್ರೊಲೆಯ ಸ್ಮಾಲ್ ಬ್ಲಾಕ್ ಬಿಚ್ಚಿ ಕೂರಿಸಲು ಬರುವ ಮೆಕ್ಯಾನಿಕ್ ಅಮೆರಿಕದ ಯಾವ ಊರಲ್ಲಾದರೂ ಸಿಗುತ್ತಾನೆ, ಸಾಮಾನು ಅಗ್ಗ. ಬಾಸ್‌ನ ಇನ್‌ಟೇಕ್, ಕ್ರ್ಯಾಂಕ್ ಅಂಥವು ಆ ಎಂಜಿನ್ನಿಗೇ ಸೀಮಿತ, ಹುಡುಕಬೇಕು, ಹುಡುಕಿದ ಮೇಲೆ ಕೇಳಿದಷ್ಟು ಕೊಡಬೇಕು.

ತುಕ್ಕು

ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ, ತೆಳು ಬಟ್ಟೆ ಸುತ್ತಿ. ಅಂಟದ ಕಡೆ ಒಳಗೆ ಪುಟ್ಟಿ ಇದೆ ಅಂತ ಲೆಕ್ಕ. ಕಮಾರೋದಲ್ಲಿ ಹಿಂದಿನ ಗಾಜಿನ ಕೆಳ ಅಂಚು, ಡಿಕ್ಕಿಯ ತಳ, ಹಿಂಚಕ್ರದ ಮೇಲಿನ ಭಾಗ ನೋಡಿ. ಮಸ್ಟಾಂಗಿನಲ್ಲಿ ವೈಪರ್ ಕೆಳಗಿನ ಗಾಳಿ ಬರುವ ಡಬ್ಬಿ ತೂತು ಬಿದ್ದು ನೀರು ಒಳಗೆ ಇಳಿಯುತ್ತದೆ. ಒಂದು ಚೊಂಬು ನೀರು ಸುರಿದು ಕಾಲಿಡುವ ಜಾಗದ ಕಾರ್ಪೆಟ್ ಮುಟ್ಟಿ ನೋಡಿ. ಶಾಕ್ ಟವರಿನಲ್ಲಿ ಬಿರುಕು, ವೆಲ್ಡಿಂಗ್ ಗುರುತು ಇದೆಯಾ ಅಂತಲೂ ನೋಡಬೇಕು. ಎರಡೂ ಕಾರಿನ ತಗಡು ಹೊಸದಾಗಿ ಸಿಗುತ್ತದೆ, ಪೂರ್ತಿ ಬಾಡಿಯನ್ನೇ ಹೊಸದಾಗಿ ಮಾಡಿ ಮಾರುವವರೂ ಇದ್ದಾರೆ. ಅಂದರೆ ಟಿಂಕರಿಂಗ್ ಕೆಲಸ ಆಗದ ಮಾತಲ್ಲ. ಆದರೆ ತಗಡು ಬದಲಿಸಿದಷ್ಟೂ ಅಸಲಿ ಅನ್ನೋ ಮಾತಿನ ಬೆಲೆ ಇಳಿಯುತ್ತದೆ.

ಅಸಲಿಯಾ ನಕಲಿಯಾ: ನಿಜವಾದ ಹೋಲಿಕೆ ಇಲ್ಲಿದೆ

ಈ ಭಾಗಕ್ಕೆ ಟೈಮ್ ಕೊಡಿ. 1969ರಲ್ಲಿ ಒಟ್ಟು 2,43,085 ಕಮಾರೋ ತಯಾರಾದವು, ಅದರಲ್ಲಿ ಝೀ-28 ಇದ್ದದ್ದು 20,302. ಬಾಸ್ 302 ಆ ವರ್ಷ ಬರೀ 1,628. ಸಂಖ್ಯೆ ನೋಡಿದರೆ ಬಾಸ್ ಹನ್ನೆರಡು ಪಟ್ಟು ಅಪರೂಪ. ಬೆಲೆ ಮಾತ್ರ ಹನ್ನೆರಡು ಪಟ್ಟಿಲ್ಲ, ಎರಡು ಪಟ್ಟೂ ಇಲ್ಲ, ಒಳ್ಳೆ ಸ್ಥಿತಿಯ ಕಾರುಗಳು ಬಹಳ ಸಲ ಅಕ್ಕಪಕ್ಕವೇ ಇರುತ್ತವೆ. ಕಾರಣ ಸರಳ. 1969ರ ಕಮಾರೋ ಬೇಕು ಅನ್ನುವ ಜನ ಅಷ್ಟಿದ್ದಾರೆ. ಕಡಿಮೆ ಇದ್ದದ್ದೆಲ್ಲ ದುಬಾರಿ ಆಗಲ್ಲ, ಕೇಳುವವರು ಇರಬೇಕು ಅಲ್ವಾ?

ಈಗ ಝೀ-28ರ ತೊಂದರೆ ನೋಡಿ. ಡ್ಯಾಶ್‌ಬೋರ್ಡಿನ ಎಡಗಡೆ, ಗಾಜಿನ ಮೂಲಕ ಕಾಣುವ ವಿಐಎನ್, ಅಂದರೆ ಕಾರಿನ ಗುರುತಿನ ನಂಬರ್ 124379ಎನ್ ಅಂತ ಶುರುವಾಗುತ್ತದೆ ಅಂದುಕೊಳ್ಳಿ. 1 ಅಂದರೆ ಶೆವ್ರೊಲೆ, 24 ಅಂದರೆ ವಿ8 ಕಮಾರೋ, 37 ಕೂಪೆ, 9 ಅಂದರೆ 1969, ಎನ್ ಅಂದರೆ ಒಹಾಯೋದ ನಾರ್ವುಡ್ ಕಾರ್ಖಾನೆ. ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ ಮಾಡಿದ್ದಕ್ಕೆ ಎಲ್. ಇದರಲ್ಲಿ ಝೀ-28 ಅನ್ನೋದು ಎಲ್ಲಿದೆ? ಎಲ್ಲೂ ಇಲ್ಲ. ಸಾಮಾನ್ಯ ವಿ8 ಹಾಕಿದ ಯಾವುದೋ ಕಮಾರೋಗೂ ಇದೇ ಅಂಕಿಗಳು. ಅದಕ್ಕೇ ಒಂದು ಸಾದಾ ಕಮಾರೋಗೆ ಪಟ್ಟೆ ಬಳಿದು, ಬ್ಯಾಡ್ಜ್ ಅಂಟಿಸಿ ಝೀ-28 ಮಾಡಿ ಮಾರುವುದು ಅಷ್ಟು ಸುಲಭ.

ಹಾಗಾಗಿ ಬೇರೆ ಕಡೆ ಹುಡುಕಬೇಕು. ಬಾನೆಟ್ ಎತ್ತಿ, ಹಿಂದಿನ ಗೋಡೆಯ ಮೇಲೆ ರಿವೆಟ್ ಹೊಡೆದ ಟ್ರಿಮ್ ಟ್ಯಾಗ್, ಅಂದರೆ ಕಾರಿನ ವಿವರ ಗುದ್ದಿದ ಸಣ್ಣ ಲೋಹದ ಪಟ್ಟಿ ನೋಡಿ. 1968ರ ಡಿಸೆಂಬರಿನ ನಂತರ ನಾರ್ವುಡ್‌ನಲ್ಲಿ ಮಾಡಿದ ಕಾರಿಗೆ ಅದರಲ್ಲಿ ಎಕ್ಸ್ ಕೋಡ್ ಇರುತ್ತದೆ. ಎಕ್ಸ್77 ಅಥವಾ ಎಕ್ಸ್33 ಇದ್ದರೆ ಝೀ-28. ಅದಕ್ಕಿಂತ ಮುಂಚಿನ ಕಾರು ಅಥವಾ ವ್ಯಾನ್ ನೈಸ್ ಕಾರಾದರೆ ಈ ಸಹಾಯವೂ ಇಲ್ಲ. ಟ್ಯಾಗನ್ನೇ ಹೊಸದಾಗಿ ಮಾಡಿಸುವವರಿದ್ದಾರೆ, ಆದ್ದರಿಂದ ರಿವೆಟ್ ಸುತ್ತ ಬಣ್ಣ ಒಡೆದಿದೆಯಾ, ಗೀರು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ.

ಆಮೇಲೆ ಎಂಜಿನ್. ಡ್ರೈವರ್ ಪಕ್ಕದ ಸೀಟಿನ ಕಡೆ, ಹೆಡ್ಡಿನ ಮುಂದೆ ಬ್ಲಾಕಿನ ಮೇಲೆ ಒಂದು ಸಣ್ಣ ಸಮತಟ್ಟಾದ ಪ್ಯಾಡ್ ಇದೆ. ಆಲ್ಟರ್ನೇಟರ್ ಸುತ್ತಲಿನ ಜಿಡ್ಡು ಒರೆಸಿದರೆ ಕಾಣುತ್ತದೆ. ಅಲ್ಲಿ ವಿ0211ಡಿಝೀ ಅನ್ನುವ ಥರ ಗುದ್ದಿರುತ್ತಾರೆ. ವಿ ಅಂದರೆ ಫ್ಲಿಂಟ್ ಎಂಜಿನ್ ಕಾರ್ಖಾನೆ, 0211 ಅಂದರೆ ಫೆಬ್ರವರಿ 11, ಡಿಝೀ ಅಂದರೆ 1969ರ ಝೀ-28 ಎಂಜಿನ್. ಆ ಪ್ಯಾಡಿನ ಮೇಲೆ ಅಕ್ಷರಗಳ ಹಿಂದೆ ಕೂದಲೆಳೆಯಷ್ಟು ಸಣ್ಣ, ಒಂದೇ ದಿಕ್ಕಿಗೆ ಓಡುವ ಗೆರೆಗಳು ಕಾಣಬೇಕು. ಕಾರ್ಖಾನೆಯಲ್ಲಿ ಬ್ಲಾಕನ್ನು ಕೊರೆದ ಮೆಷಿನ್ ಬಿಟ್ಟುಹೋದ ಗುರುತು ಅದು. ಪ್ಯಾಡ್ ಕನ್ನಡಿಯಂತೆ ನುಣ್ಣಗಿದ್ದರೆ, ಅಥವಾ ಗ್ರೈಂಡರ್‌ನ ಸುತ್ತುಗೆರೆ ಇದ್ದರೆ, ಯಾರೋ ಹಳೇದನ್ನು ಉಜ್ಜಿ ಹೊಸದನ್ನು ಗುದ್ದಿರಬಹುದು. ಎಂಜಿನ್ ಓವರ್‌ಹಾಲ್ ಮಾಡುವಾಗ ಬ್ಲಾಕಿನ ಮೇಲ್ಭಾಗ ಕೊರೆಸಿದರೂ ಆ ಗೆರೆ ಹೋಗುತ್ತದೆ, ಹಾಗಾಗಿ ನುಣ್ಣಗಿದ್ದ ಮಾತ್ರಕ್ಕೆ ಕಳ್ಳ ಅನ್ನಬೇಡಿ. ಬೇರೆ ಸಾಕ್ಷಿ ಕೇಳಿ.

ವಿಐಎನ್‌ನ ಕೊನೆಯ ಭಾಗವನ್ನು ಬ್ಲಾಕಿನ ಮೇಲೂ ಗೇರ್ ಬಾಕ್ಸಿನ ಮೇಲೂ ಗುದ್ದಿರುತ್ತಾರೆ, ಕಾರಿನ ನಂಬರಿಗೆ ತಾಳೆಯಾಗಬೇಕು. ತಾರೀಕನ್ನೂ ಜೋಡಿಸಿ ನೋಡಿ. ಟ್ರಿಮ್ ಟ್ಯಾಗಿನಲ್ಲಿ 03ಬಿ ಅಂತಿದ್ದರೆ ಬಾಡಿ ಮಾರ್ಚ್ ಎರಡನೇ ವಾರದ್ದು, ಎಂಜಿನ್ ಜೋಡಿಸಿದ ತಾರೀಕು ಅದಕ್ಕಿಂತ ಮುಂಚಿನದಾಗಿರಬೇಕು. ಎಂಜಿನ್ ಏಪ್ರಿಲ್‌ನದ್ದಾದರೆ ಅದು ಈ ಕಾರಿನದ್ದಲ್ಲ, ಮಾತು ಮುಗಿಯಿತು.

ಕಾಗದವೂ ಬೇಕು. ಪ್ರೊಟೆಕ್ಟ್-ಓ-ಪ್ಲೇಟ್ ಅಂತ ಆಗ ವಾರಂಟಿ ಜೊತೆ ಕೊಡುತ್ತಿದ್ದ ಸಣ್ಣ ಲೋಹದ ಫಲಕ, ಮೊದಲ ಬಿಲ್ಲು, ಸೀಟಿನ ಸ್ಪ್ರಿಂಗಿನೊಳಗೋ ಪೆಟ್ರೋಲ್ ಟ್ಯಾಂಕಿನ ಮೇಲೋ ಸಿಗುವ ಬಿಲ್ಡ್ ಶೀಟು (ಕಾರಿಗೆ ಏನೇನು ಜೋಡಿಸಬೇಕು ಅಂತ ಕಾರ್ಖಾನೆಯಲ್ಲಿ ಬರೆದ ಹಾಳೆ), ಇವುಗಳಲ್ಲಿ ಒಂದಾದರೂ ಇದ್ದರೆ ಒಳ್ಳೇದು. ಇವು ಯಾವುದೂ ಇಲ್ಲದೆ, ಕಂಪನಿಗೆ ಬರೆದು ದಾಖಲೆ ತರಿಸೋಣ ಅಂದರೆ ಅಮೆರಿಕದಲ್ಲಿ ಮಾರಾಟವಾದ ಶೆವ್ರೊಲೆಗೆ ಅಂಥ ವ್ಯವಸ್ಥೆ ಇಲ್ಲ.

ಬಾಸ್ 302 ಇಲ್ಲಿ ಆರಾಮ. 1969ರ ಕಾರಿನ ನಂಬರ್ 9ಎಫ್02ಜಿ ಅಂತ ಶುರು. 9 ವರ್ಷ, ಎಫ್ ಅಂದರೆ ಮಿಶಿಗನ್‌ನ ಡಿಯರ್‌ಬಾರ್ನ್, 02 ಅಂದರೆ ಸ್ಪೋರ್ಟ್ಸ್‌ರೂಫ್ (ಹಿಂದಕ್ಕೆ ಇಳಿಜಾರಾದ ಛಾವಣಿಯ) ಬಾಡಿ, ಜಿ ಅಂದರೆ ಬಾಸ್ 302 ಎಂಜಿನ್. ನಂಬರಿನಲ್ಲೇ ಬಂತು. ಜಿ ಇಲ್ಲದಿದ್ದರೆ ಅದು ಬಾಸ್ ಅಲ್ಲ, ಎಷ್ಟೇ ಚೆನ್ನಾಗಿ ಬಣ್ಣ ಹೊಡೆದಿರಲಿ. ಮೇಲಿಂದ ಮಾರ್ಟಿ ರಿಪೋರ್ಟ್ ಅಂತ ಒಂದಿದೆ. 1967ರಿಂದ ಈಚಿನ ಫೋರ್ಡ್ ಕಾರುಗಳ ತಯಾರಿಕೆಯ ದಾಖಲೆ ಮಾರ್ಟಿ ಆಟೋ ವರ್ಕ್ಸ್ ಹತ್ತಿರ ಇದೆ. ವಿಐಎನ್ ಕೊಟ್ಟು ದುಡ್ಡು ಕಟ್ಟಿದರೆ ಆ ಕಾರು ಯಾವ ಬಣ್ಣದ್ದು, ಏನೇನು ಆಯ್ಕೆ ಇತ್ತು, ಯಾವ ಡೀಲರಿಗೆ ಹೋಯಿತು ಅಂತ ಬರೆದು ಕಳಿಸುತ್ತಾರೆ. ನಮ್ಮಲ್ಲಿ ಪಹಣಿ ನೋಡದೆ ಯಾರಾದರೂ ಜಮೀನಿಗೆ ಅಡ್ವಾನ್ಸ್ ಕೊಡುತ್ತಾರಾ? ಹಾಗೆಯೇ ಇದೂ. ಮಾಲೀಕರ ಹತ್ತಿರ ರಿಪೋರ್ಟ್ ಇದ್ದರೂ ನೀವೇ ಒಂದು ಹೊಸದು ತರಿಸಿ, ಖರ್ಚು ಕಾರಿನ ಬೆಲೆಯ ಮುಂದೆ ಏನೂ ಅಲ್ಲ.

ಕಣ್ಣಿಗೇ ಕಾಣುವ ಗುರುತುಗಳೂ ಇವೆ. 1969ರ ಬಾಸ್ 302 ಬಿಳಿ, ಹಳದಿ, ಹವಳದ ಬಣ್ಣ, ನೀಲಿ, ಈ ನಾಲ್ಕರಲ್ಲೇ ಬರುತ್ತಿದ್ದದ್ದು. ಕೆಂಪು ಅಥವಾ ಹಸಿರು ಕಾರು ತೋರಿಸಿದರೆ ಮೊದಲು ಮಾರ್ಟಿ ರಿಪೋರ್ಟ್ ಎಲ್ಲಿ ಅನ್ನಿ. ಇನ್ನೊಂದು, ಆ ವರ್ಷದ ಉಳಿದ ಸ್ಪೋರ್ಟ್ಸ್‌ರೂಫ್ ಮಸ್ಟಾಂಗಿಗೆ ಬಾಗಿಲ ಹಿಂದೆ ಗಾಳಿ ಬರುವ ಹಾಗೆ ಕಾಣುವ ಸುಳ್ಳು ಸ್ಕೂಪ್ ಇತ್ತು. ಜಿಎಂ ಬಿಟ್ಟು ಫೋರ್ಡ್‌ಗೆ ಬಂದಿದ್ದ ಡಿಸೈನರ್ ಲ್ಯಾರಿ ಶಿನೋಡಾ ಬಾಸ್‌ಗೆ ಅದು ಬೇಡ ಅಂದರು. ಅಸಲಿ ಬಾಸ್‌ನ ಪಕ್ಕೆ ನುಣ್ಣಗಿರುತ್ತದೆ. ನಕಲಿಯಲ್ಲಿ ಆ ಜಾಗ ಮುಚ್ಚಿರುತ್ತಾರೆ, ಡಿಕ್ಕಿಯ ಕಡೆಯಿಂದ ಒಳಗೆ ಕೈಹಾಕಿ ತಡಕಿದರೆ ವೆಲ್ಡಿಂಗ್ ಉಬ್ಬು ಬೆರಳಿಗೆ ಸಿಗುತ್ತದೆ. 1970ರಲ್ಲಿ ಎಲ್ಲ ಮಸ್ಟಾಂಗಿನಿಂದಲೂ ಆ ಸ್ಕೂಪ್ ತೆಗೆದುಬಿಟ್ಟರು, ನಾಲ್ಕು ಹೆಡ್‌ಲೈಟ್ ಎರಡಾದವು, ಬಾಸ್ 302 ಸುಮಾರು 7,000 ತಯಾರಾದವು. 1970ರದ್ದು ಸಂಖ್ಯೆಯಲ್ಲಿ ಜಾಸ್ತಿ ಅನ್ನೋದು ಬಿಟ್ಟರೆ ಓಡಿಸಲು ಅದಕ್ಕೇನೂ ಕಡಿಮೆಯಿಲ್ಲ.

ರೇಸಿನ ಹೆಸರೂ ಬೆಲೆಗೆ ಸೇರುತ್ತದೆ. 1968 ಮತ್ತು 1969ರ ಟ್ರಾನ್ಸ್-ಆಮ್ ಪ್ರಶಸ್ತಿ ಶೆವ್ರೊಲೆಗೆ, ರೋಜರ್ ಪೆನ್ಸ್ಕಿ ತಂಡದ ಮಾರ್ಕ್ ಡೊನೊಹ್ಯೂ ಕಮಾರೋ ಓಡಿಸಿದ್ದು. 1970ರಲ್ಲಿ ಬಡ್ ಮೂರ್ ತಂಡದ ಬಾಸ್ 302ನಲ್ಲಿ ಪಾರ್ನೆಲಿ ಜೋನ್ಸ್, ಪ್ರಶಸ್ತಿ ಫೋರ್ಡ್‌ಗೆ. ಇಲ್ಲಿ ಸಮ ಸಮ ಅನ್ನಬಹುದು.

ಬೆಲೆ ಹಾಕುವಾಗ

ಹಳೇ ಕಾರುಗಳ ಬೆಲೆ ಹೇಳುವ ಹ್ಯಾಗರ್ಟಿ ಕಂಪನಿಯ ಪಟ್ಟಿಯಲ್ಲಿ ಕಾರಿನ ಸ್ಥಿತಿಗೆ 1ರಿಂದ 4ರವರೆಗೆ ದರ್ಜೆ ಕೊಡುತ್ತಾರೆ. 1 ಅಂದರೆ ಪ್ರದರ್ಶನಕ್ಕೆ ಇಡುವಂಥದ್ದು, 4 ಅಂದರೆ ಓಡುತ್ತದೆ ಅಷ್ಟೇ. ಮಾರುವವರು ಹೇಳುವ ದರ್ಜೆಯಿಂದ ಒಂದು ಕೆಳಗಿಳಿಸಿ ನೋಡಿ, ಸಾಮಾನ್ಯವಾಗಿ ಸರಿಹೋಗುತ್ತದೆ. ಎರಡು ಕಾರನ್ನು ಒಂದೇ ದರ್ಜೆಯಲ್ಲಿ ಇಟ್ಟೇ ಹೋಲಿಸಬೇಕು. ಆಮೇಲೆ ಸಣ್ಣ ಸಣ್ಣ ಸಾಮಾನಿನ ಕಡೆ ನೋಡಿ. ಹೊಗೆ ಕಡಿಮೆ ಮಾಡಲು ಎರಡಕ್ಕೂ ಬರುತ್ತಿದ್ದ ಏರ್ ಪಂಪನ್ನು ಮೊದಲ ಮಾಲೀಕರೇ ಕಿತ್ತು ಕಸಕ್ಕೆ ಎಸೆದರು. ಈಗ ಅದೇ ಪಂಪು, ಸರಿಯಾದ ತಾರೀಕಿನದ್ದು ಬೇಕು ಅಂದರೆ ಕೈಕಚ್ಚುತ್ತದೆ. ಅದು ಜಾಗದಲ್ಲೇ ಇರುವ ಕಾರು ಸಿಕ್ಕರೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ನನ್ನ ಲೆಕ್ಕ ಇಷ್ಟು. ವಾರಾಂತ್ಯಕ್ಕೆ ತೆಗೆದು ಓಡಿಸಬೇಕು, ಕೆಟ್ಟರೆ ಊರಲ್ಲೇ ರಿಪೇರಿ ಆಗಬೇಕು, ಮಾರುವ ಯೋಚನೆ ಇಲ್ಲ ಅನ್ನುವವರು ಝೀ-28 ತಗೊಳ್ಳಿ. ಎಂಜಿನ್ ಮೂಲದ್ದಲ್ಲದ, ಆದರೆ ಎಕ್ಸ್ ಕೋಡ್ ಇರುವ ಗಟ್ಟಿ ಬಾಡಿಯ ಕಾರು ಸಿಕ್ಕರೆ ಇನ್ನೂ ಒಳ್ಳೇದು, ಬೆಲೆ ಇಳಿದಿರುತ್ತದೆ, ಓಡಿಸಲು ಮನಸ್ಸಿಗೆ ಹೆದರಿಕೆಯೂ ಇರಲ್ಲ. ಹತ್ತು ವರ್ಷ ಇಟ್ಟು ಮಾರುವವರಿಗೆ 1969ರ ಬಾಸ್, ಮಾರ್ಟಿ ರಿಪೋರ್ಟ್ ಮತ್ತು ತಾಳೆಯಾಗುವ ಬ್ಲಾಕಿನ ಜೊತೆ. ಕಾಗದವಿಲ್ಲದ ಝೀ-28ಕ್ಕೆ ಕಾಗದವಿರುವ ಝೀ-28ರ ಬೆಲೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಮಾಲೀಕರು ಎಷ್ಟೇ ಒಳ್ಳೆಯವರಿರಲಿ, ನಾಳೆ ನಿಮ್ಮಿಂದ ಕೊಳ್ಳುವವರು ಅವರ ಮುಖ ನೋಡಿರುವುದಿಲ್ಲ.

ಮುಂಗಡ ಕೊಡುವ ಮೊದಲು ಆ ಕಾರಿನ ಬಗ್ಗೆಯೇ ಗೊತ್ತಿರುವ ಒಬ್ಬ ಇನ್‌ಸ್ಪೆಕ್ಟರ್ ಹತ್ತಿರ ತೋರಿಸಿ. ಕಮಾರೋ ತಜ್ಞ ಬೇರೆ, ಮಸ್ಟಾಂಗ್ ತಜ್ಞ ಬೇರೆ. ಮಾರುವವರೇ ಸೂಚಿಸಿದವರು ಬೇಡ. ಇನ್‌ಸ್ಪೆಕ್ಟರಿಗೆ ಆ ಪ್ಯಾಡಿನ, ಟ್ಯಾಗಿನ, ಗೇರ್ ಬಾಕ್ಸ್ ನಂಬರಿನ ಫೋಟೋ ಹತ್ತಿರದಿಂದ ತೆಗೆದುಕೊಡಲು ಹೇಳಿ. ಇನ್ಶೂರೆನ್ಸ್ ಮಾಡಿಸುವಾಗ ಒಪ್ಪಿದ ಬೆಲೆಯ ಪಾಲಿಸಿಯನ್ನೇ ಕೇಳಿ, ಅಂದರೆ ಕಾರು ಹೋದರೆ ಮೊದಲೇ ಬರೆದುಕೊಂಡಷ್ಟು ಪೂರ್ತಿ ಕೊಡುವಂಥದ್ದು. ಮಾಮೂಲಿ ಪಾಲಿಸಿಯಲ್ಲಿ ಇದು ಬರೀ ಐವತ್ತು ವರ್ಷದ ಹಳೇ ಕಾರು. ಆ ಪಾಲಿಸಿಗೂ ಇದೇ ಫೋಟೋ, ಇದೇ ರಿಪೋರ್ಟ್ ಬೇಕಾಗುತ್ತದೆ, ಒಂದು ಫೈಲ್ ಮಾಡಿ ಇಟ್ಟುಕೊಳ್ಳಿ.